ಒಬ್ಬನನ್ನಲ್ಲ, ಏಳು ಜನರನ್ನು ಹುಡುಕಿ

ಇಂಗ್ಲೆಂಡಿನ ಲಿಂಕನ್ ಹತ್ತಿರ ನಾವಿರುವ ಹಳ್ಳಿಯ ಯುದ್ಧ ಸ್ಮಾರಕದಲ್ಲಿ ಇರುವುದು ಬರೀ ಹೆಸರು. ಕರ್ನಾಟಕದಲ್ಲಿ ನಮ್ಮ ಕಡೆಯ ವೀರಗಲ್ಲಿನಲ್ಲಾದರೆ ಕಾಳಗವನ್ನೇ ಕೆತ್ತಿರುತ್ತಾರೆ. ಸತ್ತವನು ಹೇಗೆ ಸತ್ತ ಅಂತ ಓದಲು ಬಾರದವರಿಗೂ ಗೊತ್ತಾಗುತ್ತದೆ. ಇಲ್ಲಿ ಅದನ್ನು ನಾವೇ ಹುಡುಕಬೇಕು.

ಯುದ್ಧದಲ್ಲಿ ಮಡಿದವರನ್ನು ನೆನೆಯುವ ನವೆಂಬರ್‌ನ ಭಾನುವಾರ ಒಂದೊಂದು ಹೆಸರಿನ ಬಗ್ಗೆ ನಾಲ್ಕು ಮಾತು ಓದೋಣ ಅಂತ ಊರವರು ಹಂಚಿಕೊಂಡರು. ನನ್ನ ಪಾಲಿಗೆ ಬಂದವನು ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಎಂಬ ಬ್ರಿಟಿಷ್ ಬಾಂಬರ್ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದ ವೈರ್‌ಲೆಸ್ ಆಪರೇಟರ್. 1943ರಲ್ಲಿ ಜರ್ಮನಿಯಲ್ಲಿ ವಿಮಾನ ಬಿದ್ದು ಸತ್ತಾಗ ಇನ್ನೂ ಇಪ್ಪತ್ತರ ಹುಡುಗ. ಮನೆಯವರು ಬೇಡ ಅಂದದ್ದಕ್ಕೆ ಹೆಸರು ಬರೆಯುತ್ತಿಲ್ಲ.

ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆಯಲ್ಲಿ ಅವನ ಸರ್ವಿಸ್ ನಂಬರ್, ಸ್ಕ್ವಾಡ್ರನ್ (ವಾಯುಪಡೆಯ ತುಕಡಿ), ಸಮಾಧಿಯ ಜಾಗ ಸಿಕ್ಕವು. ಬಾಂಬರ್ ಕಮಾಂಡ್ ಅಂದರೆ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗ; ಲಿಂಕನ್ನಿನಲ್ಲಿರುವ ಅದರ ಸ್ಮಾರಕ ಕೇಂದ್ರದ ದಾಖಲೆಯಲ್ಲಿ ವಿಮಾನದ ನಂಬರ್ ಸಿಕ್ಕಿತು. ಅಲ್ಲಿನ ಗೋಡೆಗಳ ಮೇಲೆ ಮಡಿದವರ ಸುಮಾರು 58,000 ಹೆಸರುಗಳಿವೆ.

ವಿಮಾನದ ನಂಬರ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಲ್ಯಾಂಕಾಸ್ಟರ್‌ನಲ್ಲಿ ಸಾಮಾನ್ಯವಾಗಿ ಏಳು ಜನ ಇರುತ್ತಿದ್ದರು. ನಂಬರ್ ಹಿಡಿದು ಉಳಿದವರ ಮನೆಯವರನ್ನೂ ಹುಡುಕಬಹುದು. ನಮ್ಮ ಹುಡುಗನ ಮನೆಯಲ್ಲಿ ಉಳಿದಿದ್ದು ಒಂದು ಫೋಟೋ, ಒಂದು ಟೆಲಿಗ್ರಾಂ ಅಷ್ಟೇ. ಆದರೆ ವಿಮಾನಕ್ಕೆ ದಾರಿ ಹೇಳುತ್ತಿದ್ದ ನ್ಯಾವಿಗೇಟರ್‌ನ ಮನೆಯವರು ಅವನ ಕಾಗದಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ನಮ್ಮ ಹುಡುಗ ಪಕ್ಕದವರ ರೇಷನ್ ಸಕ್ಕರೆಯನ್ನೂ ತನ್ನ ಟೀಗೆ ಸುರಿದುಕೊಳ್ಳುತ್ತಿದ್ದ ಎಂಬ ದೂರು ಇತ್ತು! ಸರ್ಕಾರಿ ಕಡತದಲ್ಲಿ ಇದು ಸಿಗುತ್ತಾ?

ಕಡತಗಳೂ ಬೇಕು ಅನ್ನಿ. ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ 'ಏರ್ 27' ಸರಣಿಯಲ್ಲಿ ಸ್ಕ್ವಾಡ್ರನ್‌ಗಳ ದಿನಚರಿ ಇದೆ. ನಮ್ಮ ವಿಮಾನದ ಎದುರು ಹೊರಟ ಸಮಯ, ಆಮೇಲೆ ವಾಪಸ್ ಬರಲಿಲ್ಲ ಎಂಬ ಒಂದು ಸಾಲು. ಅಲ್ಲಿಗೇ ಪುಟ ಮುಚ್ಚಬೇಡಿ. ಅದೇ ರಾತ್ರಿ ಹೋಗಿ ಬಂದ ಬೇರೆ ವಿಮಾನಗಳ ವರದಿ ಓದಿ. ಮೋಡ ಎಷ್ಟಿತ್ತು, ಕೆಳಗಿನಿಂದ ಗುಂಡು ಎಷ್ಟು ಜೋರಾಗಿತ್ತು, ಎಲ್ಲ ಅಲ್ಲಿದೆ. ಆ ರಾತ್ರಿ ಅವನ ಸುತ್ತ ಏನಿತ್ತು ಅಂತ ನನಗೆ ತಿಳಿದದ್ದು ಹಾಗೆ.

ಅವನನ್ನು ಮೊದಲು ಹೂತದ್ದು ಜರ್ಮನರೇ, ವಿಮಾನ ಬಿದ್ದ ಊರಿನ ಸ್ಮಶಾನದಲ್ಲಿ. ಯುದ್ಧ ಮುಗಿದ ಮೇಲೆ ಜರ್ಮನಿಯದೇ ರೈಶ್ವಾಲ್ಡ್ ಕಾಡಿನ ಯುದ್ಧ ಸ್ಮಶಾನಕ್ಕೆ ತಂದರು. ಸಮಾಧಿ ಕಲ್ಲಿನ ಮೇಲೆ ಕೆಳಗಡೆ ಬರುವ ಸಾಲನ್ನು ಮನೆಯವರು ಆರಿಸಬಹುದಿತ್ತು. ಇವನಿಗೆ ಅವನ ತಾಯಿ ಆರಿಸಿದ್ದಾರೆ.

ಓದುವ ಹಾಳೆಯಲ್ಲಿ ಅವರು ಬಾಂಬ್ ಹಾಕಲು ಹೊರಟಿದ್ದು ಡ್ಯೂಸ್‌ಬರ್ಗ್ ಊರಿಗೆ ಅಂತಲೂ ಬರೆದೆ. ಸಮಿತಿಯಲ್ಲಿ ಒಬ್ಬರಿಗೆ ಅದು ಹಿಡಿಸಲಿಲ್ಲ. ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು, ನಿಜ. ಕೆಳಗಿನ ಮನೆಗಳಲ್ಲೂ ಜನ ಇದ್ದರು, ಅಲ್ವಾ? ನಾನು ಪಟ್ಟು ಬಿಡಲಿಲ್ಲ. ಹುಡುಗನ ತಂಗಿಯ ಮಗಳು ಅದನ್ನೂ ಸೇರಿಸಿಯೇ ಓದಿದರು.

ಹಾಳೆಯ ಪ್ರತಿಯನ್ನು ವಿಳಾಸ ಸಿಕ್ಕ ಮನೆಗಳಿಗೆಲ್ಲ ಕಳಿಸಿದ್ದೇನೆ. ವಿಮಾನದ ಹಿಂಬದಿಯಲ್ಲಿ ಕೂರುತ್ತಿದ್ದ ಗನ್ನರ್‌ನ ಕಡೆಯವರು ಮಾತ್ರ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.