ಅಗಸೆ ಎಣ್ಣೆಯಲ್ಲಿ ನಾನು ಮಾಡಿದ ಮೇಣಬಟ್ಟೆ

ಧಾರವಾಡದ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ ಮೇಜಿನ ಮೇಲೆ ಹಸಿರು ಮೇಣಬಟ್ಟೆ ಇರುತ್ತಿತ್ತು. ಅಂಚಿನುದ್ದಕ್ಕೂ ಹಿತ್ತಾಳೆಯ ಮೊಳೆ. ಮೂಲೆಯ ಮಡಿಕೆಯಲ್ಲಿ ಬಣ್ಣ ಬಿರಿದು ಒಳಗಿನ ನೂಲು ಕಾಣುತ್ತಿತ್ತು. ಆ ಬಿರುಕಿಗೆ ಸೇರಿಕೊಂಡ ಜೋಳದ ಹಿಟ್ಟನ್ನು ಅವ್ವ ಕಸಬರಿಗೆ ಕಡ್ಡಿಯಿಂದ ಕೆದಕಿ ತೆಗೆಯುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಕೆನ್ನೆಯಿಟ್ಟರೆ ತಣ್ಣಗೆ ಹತ್ತುತ್ತಿತ್ತು, ಅಗಸೆ ಎಣ್ಣೆಯ ವಾಸನೆ ಬರುತ್ತಿತ್ತು. ಈಗಿನ ಪ್ಲಾಸ್ಟಿಕ್ ಹಾಸಿನಲ್ಲಿ ಆ ವಾಸನೆ ಎಲ್ಲಿಂದ ಬರಬೇಕು? ಅದಕ್ಕಾಗಿಯೇ ನಾನೇ ಮಾಡಲು ಕುಳಿತೆ.

ಮೇಣಬಟ್ಟೆ ಎಂದು ಕರೆದರೂ ಇದಕ್ಕೆ ಮೇಣ ಬೇಕಿಲ್ಲ. ಬಣ್ಣ ಕಲಸಿದ ಅಗಸೆ ಎಣ್ಣೆಯನ್ನು ಹತ್ತಿಯ ಬಟ್ಟೆಗೆ ಬಳಿದು ಬಳಿದು ಒಣಗಿಸುವುದು, ಅಷ್ಟೇ. ನಾವು ಚಟ್ನಿಪುಡಿಗೆ ಹುರಿಯುವ ಅದೇ ಅಗಸೆ. ಈ ಎಣ್ಣೆ ನೀರಿನಂತೆ ಆರಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಇದು ಗೊತ್ತಿಲ್ಲದೆ ಮೊದಲ ಸಲ ಎಲ್ಲವನ್ನೂ ಕೆಡಿಸಿದೆ. ಬೇಗ ಮುಗಿಯಲೆಂದು ಮಳೆಗಾಲದಲ್ಲಿ ದಪ್ಪಗೆ ಬಳಿದಿದ್ದೆ. ಮೇಲ್ಭಾಗ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಅಡಿಯ ಅಂಟು ಎರಡು ವಾರವಾದರೂ ಬಿಡಲಿಲ್ಲ.

ಎರಡನೆಯ ಸಲ ಮಾರ್ಚ್‌ವರೆಗೆ ಕಾದೆ. 3 ಅಡಿ ಅಗಲ, 4 ಅಡಿ ಉದ್ದದ ದಪ್ಪ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಮೊದಲು ಅಕ್ಕಿ ಗಂಜಿ ಹಚ್ಚಿ ಒಣಗಿಸಿದೆ. ಎಣ್ಣೆ ನೇರವಾಗಿ ನೂಲಿಗೆ ಇಳಿದರೆ ವರ್ಷಗಳು ಕಳೆದಂತೆ ಬಟ್ಟೆ ಲಡ್ಡಾಗಿ ಹರಿಯುತ್ತದೆ. ಗಂಜಿ ಅದನ್ನು ತಡೆಯುತ್ತದೆ. ಬಣ್ಣದಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಗೆ ಹಸಿರು ಪುಡಿ ಕಲಸಿ, ಐದು ಕೈ, ಒಂದೊಂದನ್ನೂ ಆದಷ್ಟು ತೆಳ್ಳಗೆ ಬಳಿದೆ. ಪ್ರತಿ ಕೈಗೂ ಮೂರು ದಿನ ಬಿಸಿಲು ಗಾಳಿ. ಬೆರಳಿನ ಹಿಂಭಾಗ ತಾಗಿಸಿದಾಗ ಅಂಟದಿದ್ದರೆ ಮಾತ್ರ ಮುಂದಿನ ಕೈ. ಈ ಎಣ್ಣೆ ಬೇಗ ಒಣಗಲೆಂದು ಲೋಹದ ಲವಣ ಸೇರಿಸಿರುತ್ತಾರೆ, ಹಾಗಾಗಿ ರೊಟ್ಟಿಯನ್ನು ನೇರವಾಗಿ ಇದರ ಮೇಲೆ ಇಡುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದು ಒಳಗೊಳಗೇ ಕಾಯುತ್ತದೆ, ತಾನಾಗಿ ಬೆಂಕಿಯೂ ಹತ್ತಬಹುದು. ನಾನು ನೀರಿನಲ್ಲಿ ನೆನೆಸಿ, ಅಂಗಳದ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವುತ್ತಿದ್ದೆ.

ಹಾಸಿ ತಿಂಗಳಾದರೂ ಘಾಟು ಇಳಿದಿರಲಿಲ್ಲ. ಈಗ ಹದಕ್ಕೆ ಬಂದಿದೆ, ಮೇಜಿನ ಮೇಲೆ ಬಾಗಿದರೆ ಮಾತ್ರ ಸಿಗುತ್ತದೆ. ತೆಗೆದಿಡುವಾಗ ಮಡಚುವುದಿಲ್ಲ, ಚಾಪೆಯಂತೆ ಸುತ್ತಿಡುತ್ತೇನೆ. ಅವ್ವನ ಮೇಣಬಟ್ಟೆ ಬಿರಿದದ್ದು ಮಡಿಕೆಯಲ್ಲಿಯೇ.