ನೀಲಿ ಲೈಟಿನ ಕೆಳಗೆ ಕೂಸು: ಅಡ್ಡಪರಿಣಾಮಗಳನ್ನು ನಾವು ನಿಭಾಯಿಸುವ ರೀತಿ

ರಾಯಚೂರಿನಲ್ಲಿ ಏಪ್ರಿಲ್, ಮೇ ಅಂದರೆ ಹೊರಗೆ 40 ಡಿಗ್ರಿ ದಾಟಿರುತ್ತದೆ. ಕಾಮಣಿಗೆ ಲೈಟಿನಡಿ ಮಲಗಿಸಿದ ಕೂಸಿನ ಮೈ ಬಿಸಿಯಾಯಿತೆಂದರೆ ಹೊಸ ಸಿಸ್ಟರ್‌ಗಳ ಕೈ ಮೊದಲು ಹೋಗುವುದು ಸ್ಟ್ಯಾಂಡಿಗೆ, ಲೈಟು ಸ್ವಲ್ಪ ಮೇಲೆತ್ತೋಣ ಅಂತ. ಎತ್ತಬಾರದು. ದೂರ ಹೋದಷ್ಟೂ ಚರ್ಮಕ್ಕೆ ಬೀಳುವ ಬೆಳಕು ಕಡಿಮೆ, ಕಾಮಣಿಯ ಹಳದಿಗೆ ಕಾರಣವಾದ ಬಿಲಿರುಬಿನ್ ಇಳಿಯುವುದು ನಿಧಾನ. ಕೂಸು ಇನ್ನೂ ಒಂದು ದಿನ ಅಲ್ಲೇ ಉಳಿದರೆ ಅಡ್ಡಪರಿಣಾಮಕ್ಕೂ ಇನ್ನೊಂದು ದಿನ ಸಿಕ್ಕಂತೆ. ಸರಿ ಮಾಡಬೇಕಾದ್ದು ಕೋಣೆಯನ್ನು.

ಅಂತರವನ್ನು ಟೇಪು ಹಿಡಿದೇ ನೋಡುತ್ತೇವೆ. ಯಂತ್ರದ ಕೈಪಿಡಿ ಹೇಳಿದಷ್ಟು, ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್. ತೀವ್ರ ಚಿಕಿತ್ಸೆಯಾದರೆ ಬೆಳಕು ಅಳೆಯುವ ಮೀಟರು ಕೂಸಿನ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ 30 ಮೈಕ್ರೋವ್ಯಾಟ್ ಅಥವಾ ಹೆಚ್ಚು ತೋರಿಸಬೇಕು. ಕಡಿಮೆ ಬಂದರೆ ಮೊದಲು ಲೈಟಿನ ಕೆಳಗಿನ ಹಾಳೆಯ ಮೇಲೆ ಬೆರಳಾಡಿಸಿ ನೋಡಿ. ನಮ್ಮ ಕಡೆಯ ಧೂಳೇ ಅರ್ಧ ಬೆಳಕು ತಿನ್ನುತ್ತಿರಬಹುದು. ಬೆಳಕು ಹೆಚ್ಚಲಿ ಎಂದು ಸುತ್ತ ಬಿಳಿ ಬಟ್ಟೆ ಇಳಿಬಿಡುವವರಿದ್ದಾರೆ. ಬೆಳಕೇನೋ ಹೆಚ್ಚುತ್ತದೆ, ಆದರೆ ಗಾಳಿ ನಿಂತು ಕೂಸಿನ ಮೈ ಬಿಸಿಯಾಗುತ್ತದೆ, ಉಸಿರಾಟವೂ ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಸಿಎಫ್‌ಎಲ್ ಲೈಟಿನಲ್ಲಿ ಜ್ವರದಂತೆ ಮೈ ಬಿಸಿಯಾಗುವುದು ಸಾಮಾನ್ಯ. ಎಲ್‌ಇಡಿಯಲ್ಲಿ ಆಗುವುದು ಉಲ್ಟಾ: ಲೈಟಿಗೆ ಶಾಖವಿಲ್ಲ, ಕೂಸಿನ ಮೈಮೇಲೆ ಬಟ್ಟೆಯಿಲ್ಲ, ಎಸಿ ಗಾಳಿ ನೇರ ಬಡಿದರೆ ಬೇಸಿಗೆಯಲ್ಲೂ ಅಂಗಾಲು ತಣ್ಣಗಾಗುತ್ತದೆ. 2–3 ತಾಸಿಗೊಮ್ಮೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತೇವೆ, 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು.

ಇನ್ನು ಭೇದಿ. ಹಸಿರು, ತೆಳುವಾದ ಮಲ ಮೇಲಿಂದ ಮೇಲೆ ಹೋದರೆ ಅಜ್ಜಿಯಂದಿರು ಗಾಬರಿಯಾಗುತ್ತಾರೆ. ಬೆಳಕು ಬಿಲಿರುಬಿನ್ನಿನ ರೂಪ ಬದಲಿಸಿ ಪಿತ್ತರಸದೊಂದಿಗೆ ಕರುಳಿಗೆ ಇಳಿಸುವುದರ ಗುರುತು ಅದು, ನಂಜಲ್ಲ. ಕೂಸು ಚುರುಕಾಗಿ ಹಾಲು ಕುಡಿಯುತ್ತಿದ್ದರೆ ಭಯವಿಲ್ಲ. ಮಲದಲ್ಲಿ ರಕ್ತ ಕಂಡರೆ ಅಥವಾ ಕೂಸು ಮಂಕಾದರೆ ಆ ಮಾತು ಬೇರೆ. ‘ಇಷ್ಟು ಬಿಸಿಲಾಗ ಒಂದೆರಡು ಚಮಚ ನೀರು ಕುಡಿಸ್ರೀ ಸಿಸ್ಟರ್’ ಅನ್ನುವ ಒತ್ತಾಯ ದಿನಾ ಇರುತ್ತದೆ. ನೀರಾಗಲಿ ಸಕ್ಕರೆ ನೀರಾಗಲಿ ಕಾಮಣಿ ಇಳಿಸುವುದಿಲ್ಲ. ಹೊಟ್ಟೆ ತುಂಬಿಸಿ ಎದೆಹಾಲು ಕಡಿಮೆ ಮಾಡುತ್ತದೆ ಅಷ್ಟೆ. 2–3 ತಾಸಿಗೊಮ್ಮೆ ಲೈಟಿನಿಂದ ತೆಗೆದು ತಾಯಿಯ ಮಡಿಲಿಗೆ ಕೊಡುತ್ತೇವೆ, ಅರ್ಧ ತಾಸಿನೊಳಗೆ ವಾಪಸ್. ದಿನಕ್ಕೊಮ್ಮೆ ಅದೇ ತಕ್ಕಡಿಯಲ್ಲಿ, ಬರಿಮೈಯಲ್ಲಿ ತೂಕ. ಮೂತ್ರದ ಲೆಕ್ಕ ಬಾಣಂತಿಯ ಜೊತೆಗಿರುವವರಿಗೇ ಒಪ್ಪಿಸಿದರೆ ನಮಗಿಂತ ಚೆನ್ನಾಗಿ ಇಡುತ್ತಾರೆ.

ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯ ಇರುವುದು ಕಣ್ಣುಪಟ್ಟಿಯಲ್ಲಿ. ರೆಟಿನಾ ಕಾಯಲು ಕಟ್ಟಿದ ಪಟ್ಟಿ ಜಾರಿ ಮೂಗಿನ ಮೇಲೆ ಕೂತರೆ ಉಸಿರೇ ಕಟ್ಟುತ್ತದೆ. ಬಿಗಿಯಾದರೆ ರೆಪ್ಪೆ ಊದುತ್ತದೆ, ಬಿಚ್ಚದೇ ಬಿಟ್ಟರೆ ಕಣ್ಣು ಕೀವುಗಟ್ಟುತ್ತದೆ. ಹಾಲು ಕುಡಿಸುವಾಗಲೆಲ್ಲ ಬಿಚ್ಚುತ್ತೇವೆ. ತಾಯಿ ಕೂಸಿನ ಮುಖ ನೋಡಲಿ, ನಾವು ಕಣ್ಣು ನೋಡೋಣ. ಇನ್ನೊಂದು ವಿಷಯ: ನೀಲಿ ಬೆಳಕಿನಡಿ ಕೂಸು ನೀಲಿಗಟ್ಟಿದ್ದು ಗೊತ್ತಾಗುವುದಿಲ್ಲ. ಮೈಬಣ್ಣ ನೋಡಬೇಕಾದರೆ ಲೈಟು ಆರಿಸಿಯೇ ನೋಡಬೇಕು.

ಮೈಮೇಲಿನ ಕೆಂಪು ದದ್ದು ತಾನಾಗಿ ಹೋಗುತ್ತದೆ. ಅದಕ್ಕೆ ಎಣ್ಣೆ, ಪೌಡರ್ ಏನೂ ಬೇಡ. ಚರ್ಮ ಬೂದು-ಕಂದು ಬಣ್ಣಕ್ಕೆ ತಿರುಗಿದರೆ ಅದು ಕಂಚಿನ ಕೂಸು, ಬ್ರಾಂಜ್ ಬೇಬಿ. ಪಿತ್ತ ಕಟ್ಟಿಕೊಂಡು ಡೈರೆಕ್ಟ್ ಬಿಲಿರುಬಿನ್ (ಲಿವರ್ ಸಂಸ್ಕರಿಸಿದ ಬಿಲಿರುಬಿನ್) ಹೆಚ್ಚಿದ ಕೂಸುಗಳಲ್ಲಿ ಕಾಣುವಂಥದ್ದು. ಲೈಟು ನಿಲ್ಲಿಸಿದ ಮೇಲೆ ಬಣ್ಣ ನಿಧಾನಕ್ಕೆ ಹೋಗುತ್ತದೆ, ಲಿವರಿನ ತನಿಖೆ ಮಾತ್ರ ಬಿಡುವಂತಿಲ್ಲ. ಬೊಬ್ಬೆ ಎದ್ದರೆ ತಕ್ಷಣ ಲೈಟು ಆರಿಸಿ ಡಾಕ್ಟರನ್ನು ಕರೆಯುತ್ತೇವೆ. ಹುಟ್ಟಿನಿಂದ ಪೋರ್ಫೈರಿಯಾ, ಅಂದರೆ ಬೆಳಕು ಬಿದ್ದರೆ ಚರ್ಮ ಬೊಬ್ಬೆ ಏಳುವ ರೋಗ, ಇರುವ ಕೂಸಿಗೆ ಈ ಚಿಕಿತ್ಸೆ ಕೊಡಲೇಬಾರದು.

1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಬೆಳಕಿನ ಗುಣ ಮೊದಲು ಕಂಡದ್ದು ಜೀನ್ ವಾರ್ಡ್ ಎಂಬ ಸಿಸ್ಟರ್‌ಗೆ: ಬಿಸಿಲು ಬಿದ್ದ ಚರ್ಮ ತಿಳಿಯಾಗಿತ್ತು, ಬಟ್ಟೆಯಡಿಯ ಚರ್ಮ ಹಳದಿಯೇ ಇತ್ತು. ಆ ಹಳದಿ ಇವತ್ತೂ ನಮ್ಮ ಕಣ್ಣುಪಟ್ಟಿಯ ಅಡಿ ಕಾಣುತ್ತದೆ. ಹಾಗಾಗಿ ಲೈಟು ಹಚ್ಚಿದ ಮೇಲೆ ಚರ್ಮ ನೋಡಿ ‘ಇಳಿದಿದೆ’ ಅನ್ನಬೇಡಿ, ರಕ್ತವೇ ಹೇಳಬೇಕು. ಅಲ್ಲಿ ಕಿಟಕಿಯ ಬಿಸಿಲಿಗಿಟ್ಟ ರಕ್ತದ ನಳಿಕೆಯಲ್ಲೂ ಬಿಲಿರುಬಿನ್ ಇಳಿದಿತ್ತು. ಅದಕ್ಕೇ ರಕ್ತ ತೆಗೆಯುವಾಗ ಲೈಟು ಆರಿಸುತ್ತೇವೆ, ಟ್ಯೂಬಿಗೆ ಫಾಯಿಲ್ ಸುತ್ತಿ ಲ್ಯಾಬಿಗೆ ಕಳಿಸುತ್ತೇವೆ.

ಹಾಗಂತ ‘ಎಳೆಬಿಸಿಲಿಗೆ ಹಿಡಿದ್ರ ಸಾಕಲ್ರೀ’ ಅಂದರೆ ಒಪ್ಪುವುದಿಲ್ಲ. ಬಿಸಿಲಿನ ಪ್ರಮಾಣ ಅಳೆಯಲಾಗದು, ಜೊತೆಗೆ ಅತಿನೇರಳೆ ಕಿರಣ ಬೇರೆ. ನಮ್ಮ ಯಂತ್ರ ಕೊಡುವುದು 460ರಿಂದ 490 ನ್ಯಾನೋಮೀಟರಿನ ನೀಲಿ ಮಾತ್ರ.

ಲೈಟು ನಿಲ್ಲಿಸಿದ ಮೇಲೆ ಬಿಲಿರುಬಿನ್ ಮತ್ತೆ ಏರಬಹುದು. ತಿಂಗಳು ತುಂಬದೆ ಹುಟ್ಟಿದ, ತಾಯಿಯ ಜೊತೆ ರಕ್ತದ ಗುಂಪು ಹೊಂದದ ಕೂಸುಗಳಲ್ಲಿ ಹೆಚ್ಚು. 12ರಿಂದ 24 ತಾಸಿನೊಳಗೆ ಇನ್ನೊಮ್ಮೆ ರಕ್ತ ನೋಡುತ್ತೇವೆ. ಮನೆಗೆ ಹೊರಟವರಿಗೆ ಹೇಳುವುದು ಎರಡೇ: ಮಲ ಬೆಳ್ಳಗೆ, ಸುಣ್ಣದ ಹಾಗೆ ಬಂದರೆ ಅವತ್ತೇ ಬನ್ನಿ, ಕೂಸಿನ ಬಟ್ಟೆಯ ನಡುವೆ ನುಸಿಗುಳಿಗೆ ಇಡಬೇಡಿ, ಜಿ6ಪಿಡಿ ಎಂಬ, ರಕ್ತಕಣ ಕಾಯುವ ಕಿಣ್ವದ ಕೊರತೆಯಿರುವ ಕೂಸಿಗೆ ಅದರ ವಾಸನೆಯೇ ರಕ್ತಕಣ ಒಡೆದು ಕಾಮಣಿ ಮರಳಿ ತರಬಹುದು.