ಕಡಲ ಊರಿಗೆ ಗುಂಪಾಗಿ ಹೊರಟಿದ್ದೀರಾ? ಹೋಟೆಲ್ ಎಲ್ಲಿರಬೇಕು ಅನ್ನೋದನ್ನ ಮೊದಲು ನೋಡಿ

ಸಮುದ್ರದ ಊರಿಗೆ ಹೋಗುವುದು ಅಂತ ತೀರ್ಮಾನ ಆದ ತಕ್ಷಣ ಎಲ್ಲರೂ ಹುಡುಕುವುದು ಒಂದನ್ನೇ: ಬೀಚ್‌ಗೆ ಹತ್ತಿರ ಇರುವ ಹೋಟೆಲ್. ಇಬ್ಬರೇ ಹೋಗುವುದಾದರೆ ಅದು ಸರಿ. 14 ಜನ, 20 ಜನ ಹೊರಟಾಗ ಲೆಕ್ಕ ಬೇರೆ. ಆಗ ನೋಡಬೇಕಾದ್ದು ಸಮುದ್ರ ಎಷ್ಟು ದೂರ ಅಂತಲ್ಲ, ದಿನಕ್ಕೆ ಎಷ್ಟು ಸಲ ಎಲ್ಲರನ್ನೂ ಗಾಡಿ ಹತ್ತಿಸಬೇಕಾಗುತ್ತದೆ ಅಂತ.

ಯಾಕೆ ಅಂದರೆ, ಒಂದು ಟ್ಯಾಕ್ಸಿಗೆ ನಾಲ್ಕು ಜನ. 14 ಜನಕ್ಕೆ ನಾಲ್ಕು ಟ್ಯಾಕ್ಸಿ ಬೇಕು. ನಾಲ್ಕೂ ಒಟ್ಟಿಗೆ ಸಿಗುವುದು ಅಪರೂಪ. ಮೊದಲ ಗಾಡಿಯವರು ಹೋಗಿ ಇಳಿದು, "ಎಲ್ಲಿದ್ದೀರಾ" ಅಂತ ಫೋನ್ ಮಾಡುವ ಹೊತ್ತಿಗೆ ಕೊನೆಯ ಗಾಡಿ ಇನ್ನೂ ಹೋಟೆಲ್ ಗೇಟಿಗೂ ಬಂದಿರುವುದಿಲ್ಲ. ಎರಡು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹೋಯಿತು. ಅದೇ ಜಾಗ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಯಾರೂ ಯಾರಿಗೂ ಕಾಯಬೇಕಿಲ್ಲ. ಬೇಗ ರೆಡಿಯಾದವರು ಮುಂದೆ ಹೋಗುತ್ತಾರೆ. ಮಗುವಿಗೆ ನಿದ್ದೆ ಬಂದರೆ ಅಪ್ಪನೋ ಅಮ್ಮನೋ ಎತ್ತಿಕೊಂಡು ರೂಮಿಗೆ ಬರುತ್ತಾರೆ, ಉಳಿದವರ ಸಂಜೆ ಹಾಳಾಗುವುದಿಲ್ಲ. ಗುಂಪಿನಲ್ಲಿ ಮುಖ ಸಿಂಡರಿಸಿಕೊಳ್ಳುವುದು, ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಈ ಕಾಯುವ ಹೊತ್ತಿನಲ್ಲೇ. ರೂಮಿನ ಅಂದಚೆಂದಕ್ಕಿಂತ ಹೋಟೆಲ್ ಇರುವ ಜಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಹಾಗಾಗಿ ಮೊದಲು ಹೋಟೆಲ್ ಹುಡುಕಬೇಡಿ. ಮ್ಯಾಪ್ ತೆರೆಯಿರಿ. ಹೋಗಬೇಕಾದ ಜಾಗಗಳನ್ನೆಲ್ಲ ಗುರುತು ಮಾಡಿ, ಆಮೇಲೆ ಒಂದೊಂದಕ್ಕೂ ಎಷ್ಟು ಸಲ ಹೋಗುತ್ತೀರಿ ಅಂತ ಯೋಚಿಸಿ. ಕೋಟೆ, ಲೈಟ್‌ಹೌಸ್, ಮ್ಯೂಸಿಯಂ ಇವೆಲ್ಲ ಒಂದೇ ಸಲ, ಅದಕ್ಕೆ ಹೇಗೂ ಗಾಡಿ ಮಾಡಿಕೊಂಡು ಹೋಗುತ್ತೀರಿ, ಅದು ಐದು ಕಿಲೋಮೀಟರ್ ಇದ್ದರೇನು ಹತ್ತು ಇದ್ದರೇನು. ದಿನವೂ ಹೋಗುವುದು ಎರಡೇ ಕಡೆ: ಸಂಜೆ ಕೂರುವ ಕಡಲ ದಂಡೆ, ರಾತ್ರಿ ಊಟದ ಜಾಗಗಳಿರುವ ಬೀದಿ. ಈ ಎರಡರ ಮಧ್ಯೆ ಹೋಟೆಲ್ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಬೀಚ್ ಪಕ್ಕದಲ್ಲೇ ಇದ್ದು ಊಟಕ್ಕೆ ದಿನಾ ಗಾಡಿ ಬೇಕಾಗುವ ಹೋಟೆಲಿಗಿಂತ, ಬೀಚ್‌ಗೆ ಏಳೆಂಟು ನಿಮಿಷ ನಡೆದು, ಊಟಕ್ಕೆ ಮೂರು ನಿಮಿಷ ನಡೆಯುವ ಹೋಟೆಲೇ ನನಗೆ ವಾಸಿ.

ಊರಿನ ಆಕಾರವನ್ನೂ ನೋಡಬೇಕು. ಕಡಲ ಊರುಗಳು ಸಾಮಾನ್ಯವಾಗಿ ದುಂಡಗೆ ಬೆಳೆಯುವುದಿಲ್ಲ. ಒಂದು ಕಡೆ ನೀರಿರುವುದರಿಂದ ದಂಡೆಯುದ್ದಕ್ಕೂ ಚಾಚಿಕೊಳ್ಳುತ್ತವೆ, ಮಧ್ಯೆ ಬಂದರು, ನದಿ ಬಾಯಿ, ಹಿನ್ನೀರು ಅಡ್ಡ ಬರುತ್ತವೆ. ಕೊಚ್ಚಿ ನೋಡಿ. ಫೋರ್ಟ್ ಕೊಚ್ಚಿಯೂ ಎರ್ನಾಕುಲಮ್ಮೂ ಮ್ಯಾಪಿನಲ್ಲಿ ಎದುರುಬದುರು ಕಾಣುತ್ತವೆ. ಆದರೆ ನಡುವೆ ನೀರಿದೆ. ದೋಣಿಯಲ್ಲಿ 20 ನಿಮಿಷದ ದಾರಿ, ಬಸ್ಸಿನಲ್ಲಿ ಸೇತುವೆಗಳ ಮೇಲೆ ಸುತ್ತಿಕೊಂಡು ಹೋಗಬೇಕು. ರೈಲು ನಿಲ್ದಾಣ ಎರ್ನಾಕುಲಂ ಕಡೆ, ಹಳೆಯ ಬೀದಿಗಳು ಮತ್ತು ಮೀನು ಹಿಡಿಯುವ ಚೀನೀ ಬಲೆಗಳು ಫೋರ್ಟ್ ಕೊಚ್ಚಿ ಕಡೆ. ಯಾವ ಕಡೆ ಇಳಿದುಕೊಳ್ಳುತ್ತೀರಿ ಅನ್ನುವುದರ ಮೇಲೆ ಇಡೀ ಪ್ರವಾಸ ಬದಲಾಗುತ್ತದೆ. ಸಿಡ್ನಿಯದ್ದು ಇನ್ನೊಂದು ಥರ. ಬೊಂಡೈ ಬೀಚ್ ಊರಿನ ನಡುಭಾಗದಿಂದ ಸುಮಾರು 7 ಕಿಲೋಮೀಟರ್. ರೈಲು ಬೊಂಡೈ ಜಂಕ್ಷನ್‌ವರೆಗೆ ಮಾತ್ರ, ಅಲ್ಲಿಂದ ಬಸ್ಸು. ಕಡಲ ಊರು ಅಂದ ಮಾತ್ರಕ್ಕೆ ಊರ ನಡುವೆಯೇ ಸ್ನಾನಕ್ಕಿಳಿಯುವ ಬೀಚ್ ಇರಲೇಬೇಕು ಅಂತೇನಿಲ್ಲ ಅಲ್ವಾ.

ಈಗ ಅಳತೆ. ಬುಕಿಂಗ್ ಸೈಟ್‌ನಲ್ಲಿ "ಬೀಚ್‌ನಿಂದ 400 ಮೀಟರ್" ಅಂತ ಬರೆದಿರುವುದನ್ನು ಹಾಗೇ ನಂಬಬೇಡಿ. ಬಹಳ ಸಲ ಅದು ಹಕ್ಕಿ ಹಾರುವ ದೂರ. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಟೆಲಿಂದ ಬೀಚ್‌ಗೆ ದಾರಿ ಹಾಕಿ, ನಡೆಯುವ ಗುರುತನ್ನು ಒತ್ತಿ. 400 ಮೀಟರ್ ಇದ್ದದ್ದು ಒಂದೂವರೆ ಕಿಲೋಮೀಟರ್ ಅಂತ ತೋರಿಸಿದರೆ ಮಧ್ಯೆ ರೈಲು ಹಳಿಯೋ ಕಾಲುವೆಯೋ ಕಾಂಪೌಂಡ್ ಗೋಡೆಯೋ ಇದೆ ಅಂತ ಅರ್ಥ. ಸ್ಯಾಟಲೈಟ್ ಚಿತ್ರಕ್ಕೆ ಬದಲಿಸಿದರೆ ಅದು ಕಣ್ಣಿಗೇ ಕಾಣುತ್ತದೆ. ಬೀದಿ ಚಿತ್ರ (ಸ್ಟ್ರೀಟ್ ವ್ಯೂ) ಇದ್ದರೆ ಅದನ್ನೂ ತೆರೆದು ಒಂದು ಸಲ ಆ ದಾರಿಯಲ್ಲಿ "ನಡೆದು" ಬನ್ನಿ: ಫುಟ್‌ಪಾತ್ ಇದೆಯಾ, ಬೀದಿದೀಪ ಇದೆಯಾ, ದೊಡ್ಡ ರಸ್ತೆ ದಾಟಬೇಕಾದರೆ ಸಿಗ್ನಲ್ ಇದೆಯಾ ಅಥವಾ ನೂರು ಮೆಟ್ಟಿಲಿನ ಮೇಲ್ಸೇತುವೆ ಹತ್ತಬೇಕಾ. ಗಾಡಿಯಲ್ಲಿ ಹೋಗುವ ಜಾಗಗಳಿಗೆ ದಾರಿ ಹಾಕುವಾಗ ಹೊರಡುವ ಸಮಯವನ್ನು ಶನಿವಾರ ಸಂಜೆ 6 ಅಂತ ಇಟ್ಟು ನೋಡಿ. ರಾತ್ರಿ 11ಕ್ಕೆ ಮನೆಯಲ್ಲಿ ಕೂತು ನೋಡಿದರೆ ಎಲ್ಲವೂ ಹತ್ತು ನಿಮಿಷವೇ.

ಇನ್ನೊಂದು, ಬೀಚ್ ಅಂದರೆ ಮರಳು ಶುರುವಾಗುವ ಜಾಗ ಅಂತ ಮ್ಯಾಪ್ ತಿಳಿದುಕೊಳ್ಳುತ್ತದೆ. ನೀರು ಇನ್ನೂ ದೂರ ಇರಬಹುದು. ಚೆನ್ನೈನ ಮರೀನಾದಲ್ಲಿ ಮರಳೇ ಸರಾಸರಿ 300 ಮೀಟರ್ ಅಗಲ. ರಸ್ತೆ ದಾಟಿದ ಮೇಲೂ ಬಿಸಿ ಮರಳಿನಲ್ಲಿ ಕಾಲೆಳೆದುಕೊಂಡು ಅಷ್ಟು ನಡೆಯಬೇಕು, ಮಂಡಿನೋವಿನವರಿಗೆ ಅದು ಸಣ್ಣ ಮಾತಲ್ಲ. ಫ್ರಾನ್ಸಿನ ನೀಸ್‌ನಂಥ ಕಡೆ ಮರಳೇ ಇಲ್ಲ, ದಂಡೆಯೆಲ್ಲ ಉರುಟು ಕಲ್ಲು. ಮೆತ್ತನೆ ಅಡಿಯ ಚಪ್ಪಲಿ ಇಲ್ಲದೆ ವಯಸ್ಸಾದವರು ನೀರಿನ ತನಕ ಹೋಗುವುದೇ ಕಷ್ಟ. ಉಬ್ಬರ ಇಳಿತವನ್ನೂ ಮರೆಯಬೇಡಿ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದಲ್ಲಿ ತೆಗೆದ ಫೋಟೋದಲ್ಲಿ ಹೋಟೆಲ್ ಮುಂದೆ ಮೈದಾನದಂಥ ಮರಳು ಕಾಣುತ್ತದೆ, ಉಬ್ಬರ ಬಂದಾಗ ಅಲೆ ಕಲ್ಲಿನ ತಡೆಗೋಡೆಗೇ ಬಡಿಯುತ್ತಿರಬಹುದು. ನೀವು ಹೋಗುವ ದಿನಗಳ ಉಬ್ಬರದ ವೇಳಾಪಟ್ಟಿ ಸುಲಭವಾಗಿ ಸಿಗುತ್ತದೆ, ಒಮ್ಮೆ ನೋಡಿ.

ಮಕ್ಕಳಿದ್ದರೆ ಇದು ತುಂಬ ಮುಖ್ಯ: ಹೋಟೆಲಿಂದ ಬೀಚ್‌ಗೆ ಅಲ್ಲ, ಜೀವರಕ್ಷಕರು ಇರುವ ಭಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಅನೇಕ ದೇಶಗಳಲ್ಲಿ ಕೆಂಪು–ಹಳದಿ ಬಾವುಟ ನೆಟ್ಟು, ಆ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ ಅನ್ನುತ್ತಾರೆ. ಹೋಟೆಲ್ ಹಿಂದಿನ ಸಣ್ಣ ದಂಡೆ ಖಾಲಿಯಾಗಿ ಚೆಂದ ಕಾಣುತ್ತದೆ, ಆದರೆ ಖಾಲಿ ಇರುವುದಕ್ಕೆ ಅಲ್ಲಿನ ನೀರಿನ ಸೆಳೆತವೇ ಕಾರಣ ಇರಬಹುದು.

ಇಷ್ಟೆಲ್ಲ ಅಳೆಯುವಾಗ ಯಾರ ನಡಿಗೆಯ ಲೆಕ್ಕ? ಮ್ಯಾಪ್ ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುವ ಗಟ್ಟಿಮುಟ್ಟಾದವರ ಲೆಕ್ಕ ಹೇಳುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಲೆಕ್ಕ ಹಿಡಿಯಿರಿ. ವಯಸ್ಸಾದವರು, ಮೂರು ವರ್ಷದ ಮಗು ಇದ್ದರೆ ಮ್ಯಾಪ್ ತೋರಿಸಿದ ನಿಮಿಷಗಳನ್ನು ಎರಡು ಪಟ್ಟು ಮಾಡಿ. 500 ಮೀಟರ್ ಅಂದರೆ 12 ನಿಮಿಷ ಅಂದುಕೊಳ್ಳಿ. ಅದಕ್ಕಿಂತ ಜಾಸ್ತಿ ಇದ್ದರೆ ಅವರು ಒಂದು ದಿನ ಬರುತ್ತಾರೆ, ಎರಡನೇ ದಿನ "ನೀವು ಹೋಗಿ ಬನ್ನಿ, ನಾವು ಇಲ್ಲೇ ಇರ್ತೀವಿ" ಅನ್ನುತ್ತಾರೆ. ಅಷ್ಟು ದೂರ ಕರೆದುಕೊಂಡು ಬಂದು ಅವರನ್ನು ರೂಮಿನಲ್ಲಿ ಬಿಟ್ಟು ಹೋಗುವುದು ಬೇಜಾರಿನ ಸಂಗತಿ.

ಬಸ್ಸಿನಲ್ಲಿ ಹೋಗುವವರಿಗೆ ಬೇರೆಯದೇ ತಲೆನೋವು. ದೊಡ್ಡ ಟೂರಿಸ್ಟ್ ಬಸ್ 12 ಮೀಟರ್ ಉದ್ದ ಇರುತ್ತದೆ. ಹಳೆ ಊರಿನ ಓಣಿಗಳಲ್ಲಿ ಅದು ತಿರುಗುವುದೇ ಇಲ್ಲ. ಹೋಟೆಲಿಗೆ ಫೋನ್ ಮಾಡಿ "ಪಾರ್ಕಿಂಗ್ ಇದೆಯಾ" ಅಂದರೆ ಇದೆ ಅನ್ನುತ್ತಾರೆ, ಅವರ ತಲೆಯಲ್ಲಿರುವುದು ಕಾರು. "ನಮ್ಮದು 45 ಸೀಟಿನ ಬಸ್, ಗೇಟಿನ ತನಕ ಬರುತ್ತಾ? ಇಲ್ಲ ಅಂದರೆ ಎಲ್ಲಿ ಇಳೀಬೇಕು, ಅಲ್ಲಿಂದ ಎಷ್ಟು ದೂರ ಲಗೇಜ್ ಹೊರಬೇಕು?" ಅಂತ ಬಿಡಿಸಿ ಕೇಳಿ. ಕಡಲ ಪಕ್ಕದ ರಸ್ತೆಗಳಿಗೆ ಸಮಯದ ನಿರ್ಬಂಧವೂ ಇರುತ್ತದೆ. ಪುದುಚೇರಿಯ ಬೀಚ್ ರಸ್ತೆಯಲ್ಲಿ ಸಂಜೆ ಹೊತ್ತು ವಾಹನ ಬಿಡುವುದಿಲ್ಲ, ಜನ ನಡೆದಾಡಲಿ ಅಂತ. ಅಲ್ಲಿ ಇಳಿದುಕೊಳ್ಳುವವರಿಗೆ ಸಂಜೆ ಸ್ವರ್ಗ, ಆದರೆ ಆ ಹೊತ್ತಿಗೇ ಲಗೇಜ್ ಸಮೇತ ಬಂದಿಳಿದರೆ ಪಕ್ಕದ ಬೀದಿಯಿಂದ ಎಳೆದುಕೊಂಡು ಬರಬೇಕು.

ಸುತ್ತಮುತ್ತ ಏನಿದೆ ಅಂತಲೂ ಮ್ಯಾಪಿನಲ್ಲೇ ಗೊತ್ತಾಗುತ್ತದೆ. ಮೀನುಗಾರಿಕೆ ಬಂದರಿನ ಪಕ್ಕ ಇದ್ದರೆ ಬೆಳಗಾಗುವ ಮೊದಲೇ ಲಾರಿ, ಕೂಗಾಟ, ವಾಸನೆ. ಸರಕು ಬಂದರಿನ ರಸ್ತೆಯಲ್ಲಿದ್ದರೆ ರಾತ್ರಿಯಿಡೀ ಕಂಟೇನರ್ ಲಾರಿಗಳು. ಇಂಥ ಹೋಟೆಲ್‌ಗಳು ಸ್ವಲ್ಪ ಅಗ್ಗಕ್ಕೆ ಸಿಗುತ್ತವೆ, ಒಂದು ರಾತ್ರಿಗೆ ನಡೆಯುತ್ತದೆ, ಮೂರು ರಾತ್ರಿಗೆ ಬೇಡ.

ಹೋಟೆಲ್ ಒಳಗಿನ ದೂರವೂ ದೂರವೇ. ಇಪ್ಪತ್ತು ಜನ ಐದನೇ ಮಹಡಿಯಲ್ಲಿದ್ದು, ಒಂದೇ ಲಿಫ್ಟ್ ಇದ್ದು, ಅದರಲ್ಲಿ ಆರು ಜನ ಹಿಡಿಸುತ್ತಾರೆ ಅಂದುಕೊಳ್ಳಿ. ಹೊರಡುವ ದಿನ ಬೆಳಿಗ್ಗೆ ಸೂಟ್‌ಕೇಸ್ ಜೊತೆ ಇಳಿಯುವಾಗ ಒಂದು ಸಲಕ್ಕೆ ಮೂರೇ ಜನ, ಅಂದರೆ ಲಿಫ್ಟ್ ಏಳು ಸಲ ಓಡಾಡಬೇಕು. ಬಾಗಿಲು ಮುಚ್ಚಿಕೊಂಡು, ಇಳಿದು, ಖಾಲಿ ಮಾಡಿ, ಮಧ್ಯೆ ಎರಡನೇ ಮಹಡಿಯವರಿಗೂ ನಿಂತು ಮೇಲೆ ಬರುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತದೆ, ರೈಲು ನಿಮಗೆ ಕಾಯುವುದಿಲ್ಲ. ಆದ್ದರಿಂದ ಲಿಫ್ಟ್ ಎಷ್ಟಿದೆ ಕೇಳಿ, ಆದಷ್ಟೂ ಕೆಳಗಿನ ಮಹಡಿ, ಎಲ್ಲರಿಗೂ ಒಂದೇ ಮಹಡಿ ಕೇಳಿ. ಎಲ್ಲರೂ ಕೂತು ಮಾತಾಡುವುದಕ್ಕೆ ಲಾಬಿಯೋ ಟೆರೇಸೋ ಒಂದು ಜಾಗ ಇದೆಯಾ ಅಂತಲೂ ಕೇಳಿ. ಇಲ್ಲದಿದ್ದರೆ ಎಲ್ಲರೂ ಯಾರದೋ ಒಬ್ಬರ ರೂಮಿನಲ್ಲಿ ರಾತ್ರಿ ಒಂದರವರೆಗೆ ಕೂರುತ್ತಾರೆ, ಆ ರೂಮಿನವರಿಗೆ ನಿದ್ದೆ ಇಲ್ಲ.

ಸೀ ವ್ಯೂ ರೂಮು ಎಲ್ಲರಿಗೂ ಬೇಡ. ದುಡ್ಡು ಜಾಸ್ತಿ, ಹಗಲೆಲ್ಲ ಹೊರಗೇ ಇರುತ್ತೀರಿ. ಹಿರಿಯರಿಗೆ, ಹೆಚ್ಚು ಹೊತ್ತು ರೂಮಿನಲ್ಲಿರುವವರಿಗೆ ಒಂದೆರಡು ತೆಗೆದುಕೊಳ್ಳಿ, ಉಳಿದವರೂ ಅಲ್ಲಿಗೇ ಹೋಗಿ ಕೂರುತ್ತಾರೆ. ಉಪ್ಪುಗಾಳಿಗೆ ಎಸಿ, ಕಿಟಕಿ ಸರಳು, ಬೀಗ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಕಡಲ ಹೋಟೆಲಿನ ಐದು ವರ್ಷ ಹಳೆಯ ಫೋಟೋಗೆ ಬೆಲೆ ಇಲ್ಲ. ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಂಡು ಓದಿ, ಜನ ಹಾಕಿರುವ ಫೋಟೋ ನೋಡಿ.

ಒಂದೇ ಹೋಟೆಲಿನಲ್ಲಿ ಎಲ್ಲರಿಗೂ ಜಾಗ ಸಿಗದಿದ್ದರೆ ಎರಡನೆಯದನ್ನು ಅದೇ ಬೀದಿಯಲ್ಲಿ ಹುಡುಕಿ. ಸೌಲಭ್ಯ ಒಂದು ಮೆಟ್ಟಿಲು ಕಮ್ಮಿ ಇದ್ದರೂ ಪರವಾಗಿಲ್ಲ. ಅರ್ಧ ಜನ ಒಂದು ತುದಿಯಲ್ಲಿ, ಅರ್ಧ ಜನ ಇನ್ನೊಂದು ತುದಿಯಲ್ಲಿ ಉಳಿದರೆ ಅದು ಒಂದು ಪ್ರವಾಸ ಅಲ್ಲ, ಎರಡು. ಹಾಗೆಯೇ ಮಧ್ಯದಲ್ಲಿ ಹೋಟೆಲ್ ಬದಲಿಸುವ ಯೋಚನೆ ಬಿಡಿ. ಖಾಲಿ ಮಾಡಿ, ಲಗೇಜ್ ಸಾಗಿಸಿ, ಮತ್ತೆ ಮಧ್ಯಾಹ್ನ 2ರವರೆಗೆ ರೂಮಿಗೆ ಕಾದರೆ ಒಂದು ದಿನ ಹೋದ ಹಾಗೇ.

ಬುಕ್ ಮಾಡುವಾಗ ಸೈಟ್‌ನಲ್ಲಿ ಒಂದೊಂದೇ ರೂಮು ಒತ್ತಬೇಡಿ, ಬೇರೆ ಬೇರೆ ಮಹಡಿಗೆ ಹಾಕಿಬಿಡುತ್ತಾರೆ. ನೇರ ಹೋಟೆಲಿಗೆ ಮಾತಾಡಿ. ಎಂಟು ಹತ್ತು ರೂಮು ಇದ್ದರೆ ಗುಂಪಿನ ದರ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟು ದಿನ ರೂಮುಗಳನ್ನು ಹಿಡಿದಿಟ್ಟಿರುತ್ತಾರೆ, ಒಂದೆರಡು ಜನ ಕೈಕೊಟ್ಟರೆ ಯಾವ ತಾರೀಕಿನವರೆಗೆ ರೂಮು ಬಿಡಬಹುದು, ಬೆಳಿಗ್ಗೆ 6ಕ್ಕೆ ಬಂದಿಳಿದರೆ ಲಗೇಜ್ ಇಟ್ಟು ಮುಖ ತೊಳೆಯಲು ಒಂದು ರೂಮಾದರೂ ಕೊಡುತ್ತಾರಾ, ಎಕ್ಸ್‌ಟ್ರಾ ಬೆಡ್ ಅಂದರೆ ಮಂಚವಾ ನೆಲದ ಮೇಲಿನ ಹಾಸಿಗೆಯಾ, ಇದೆಲ್ಲ ಫೋನಿನಲ್ಲಿ ಕೇಳಿ, ಆಮೇಲೆ ಬರಹದಲ್ಲಿ ತರಿಸಿಕೊಳ್ಳಿ.

ಗುಂಪಿನ ಒಪ್ಪಿಗೆಗೆ ಅಂತ ವಾಟ್ಸ್ಆ್ಯಪ್‌ನಲ್ಲಿ ಹತ್ತು ಹೋಟೆಲಿನ ಲಿಂಕ್ ಹಾಕಿದರೆ ಯಾವತ್ತೂ ತೀರ್ಮಾನ ಆಗುವುದಿಲ್ಲ, ಆ ಹೊತ್ತಿಗೆ ಒಳ್ಳೆಯದು ತುಂಬಿಹೋಗಿರುತ್ತದೆ. ಹುಡುಕುವವರು ಒಬ್ಬಿಬ್ಬರೇ ಇರಲಿ. ಎರಡು ಹೋಟೆಲ್ ಮಾತ್ರ ಮುಂದಿಡಿ, ಒಂದೊಂದರ ಜೊತೆ ಇಷ್ಟು ಬರೆಯಿರಿ: ಒಬ್ಬರಿಗೆ ಎಷ್ಟು ಬೀಳುತ್ತದೆ, ದಂಡೆಗೆ ಎಷ್ಟು ನಿಮಿಷ, ಊಟಕ್ಕೆ ಎಷ್ಟು ನಿಮಿಷ, ಲಿಫ್ಟ್ ಇದೆಯಾ. ಯಾವತ್ತು ರಾತ್ರಿಯೊಳಗೆ ಹೇಳಬೇಕು ಅಂತಲೂ ಬರೆಯಿರಿ. ಬುಕ್ ಆದ ಮೇಲೆ ಹೋಟೆಲಿನ ಲೊಕೇಶನ್, ಗೇಟಿನ ಫೋಟೋ, ರಿಸೆಪ್ಷನ್ ನಂಬರ್ ಮೂರನ್ನೂ ಒಂದೇ ಮೆಸೇಜಿನಲ್ಲಿ ಹಾಕಿ ಪಿನ್ ಮಾಡಿಬಿಡಿ. ಅದೇ ಹೆಸರಿನ ಇನ್ನೊಂದು ಹೋಟೆಲ್ ಊರಲ್ಲಿ ಇದ್ದರೆ ಅದನ್ನೂ ಅಲ್ಲೇ ಬರೆಯಿರಿ, ತಡವಾಗಿ ಬೇರೆ ರೈಲಿಗೆ ಬರುವವರನ್ನು ಡ್ರೈವರ್ ಅಲ್ಲಿಗೆ ಕರೆದುಕೊಂಡು ಹೋಗದಿರಲಿ.